ಕೇಣಿ, ಗೇಣಿ

ಹೈಥಮ್ ಕ್ಯಾಲ್ಕುಲೇಟರನ್ನು ನಮ್ಮತ್ತ ತಿರುಗಿಸಿದ.
ಕಂತು ಕಂಡಿತು. ಕಂತೊಂದೇ.
ವಾರಿಜ ಮೊಣಕೈ ತಿವಿದಳು:
"ಉಳ್ದದ್ ಕೇಣಿ."

ಉಳಿದದ್ದು ಎರಡನೇ ಹಾಳೆಯಲ್ಲಿತ್ತು,
ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ.
ಶಾರ್ಜಾ, ಅಲ್ ಖಾನ್, ಹನ್ನೊಂದನೇ ಮಹಡಿ,
ಎರಡು ಕೋಣೆ; ಕಡಲು ಕಾಣುವ ಕಿಟಕಿ ಒಂದು,
ಅದೂ ಬಚ್ಚಲಿನದು.

ಗೋಡೆ ನಿಮ್ಮದು, ಅಂದ. ನೆಲ ನಿಮ್ಮದಲ್ಲ.
ತೊಂಬತ್ತೊಂಬತ್ತು ವರ್ಷದ ಲೀಸು,
ಹದಿನಾರು ಆಗಲೇ ಮುಗಿದಿವೆ.
ಮೇಜಿನಡಿ ಬೆರಳು ಮಡಚಿದೆ: ಎಂಬತ್ತಮೂರು.
ಸಾಲ ತೀರುವ ಹೊತ್ತಿಗೆ ಅರವತ್ತೆಂಟು,
ನನಗೆ ಅರವತ್ತಮೂರು.
ಲೀಸಿಗೆ ನನಗಿಂತ ಗಟ್ಟಿ ಆಯಸ್ಸು.

ಗೇಣಿ.
ಬ್ಯಾಂಕಿನ ಎಸಿಯ ತಂಪಿನಲ್ಲಿ ಆ ಪದ
ಎಲ್ಲಿಂದಲೋ ಬಂದು ನಾಲಿಗೆಯ ಮೇಲೆ ಕುಳಿತಿತು.
ಅಜ್ಜ ಚಾಲಗೇಣಿಯವ. ವರ್ಷಕ್ಕೆ ಒಂಬತ್ತು ಮುಡಿ ಅಕ್ಕಿ
ಧಣಿಯ ಜಗಲಿಗಿಳಿಸಿ, ಅಂಗಳದಲ್ಲೇ ನಿಂತು,
ರಶೀದಿ ಕೇಳದೆ ಬರುತ್ತಿದ್ದನಂತೆ.
ಮೂಲಗೇಣಿಯವರು ನಮಗಿಂತ ಒಂದು ಮೆಟ್ಟಿಲು ಮೇಲೆ:
ಅವರನ್ನು ಎಬ್ಬಿಸುವಂತಿರಲಿಲ್ಲ.
ಆಮೇಲೆ ಡಿಕ್ಲರೇಷನ್, ಗದ್ದೆ ನಮ್ಮದು;
ಅಪ್ಪ ಪಹಣಿಯನ್ನು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು ಓದುವನು,
ಹೆಸರು ಇನ್ನೂ ಅಲ್ಲೇ ಇದೆಯೇ ಎಂದು.
ಅವನ ಮಗ ನಾನು,
ಆರು ತಿಂಗಳ ಸಂಬಳ ಚೀಟಿ ಹಿಡಿದು
ಮೂಲಗೇಣಿಗೆ ಅರ್ಜಿ ಹಾಕುತ್ತಿದ್ದೇನೆ.

ವಾರಿಜ ಓದುತ್ತ ಹೋದಳು, ಬೆರಳಿಟ್ಟು,
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.
ನಾಲ್ಕರಲ್ಲೊಂದು ಪಾಲು ನಗದು, ಮೊದಲಿಗೇ.
ಬೆಲೆ ಕಟ್ಟಲು ಬರುವವನಿಗೆ ಫೀಸು.
ನಾನು ಸತ್ತರೆ ಬ್ಯಾಂಕು ಅಳಬಾರದೆಂದು ವಿಮೆ.
ನೋಂದಣಿಗೆ ಬೇರೆ; ಮುಂದೆ ಮಾರಿದರೆ
ನೆಲದವರ ಒಪ್ಪಿಗೆ ಪತ್ರಕ್ಕೆ ಬೇರೆ.
ಮತ್ತೆ ಚದರಡಿಗೆ ಇಷ್ಟು ದಿರ್ಹಮ್ ಎಂದು
ಪ್ರತಿ ವರ್ಷ ಸರ್ವಿಸ್ ಚಾರ್ಜು.
"ಬಾಲ್ಕನಿಗೂ?"
"ಬಾಲ್ಕನಿಗೂ."
"ಸಾಲ ಮುಗಿದ ಮೇಲೆ?"
"ಮುಗಿದ ಮೇಲೂ."
ಅವಳು ಹನ್ನೆರಡರಿಂದ ಭಾಗಿಸಿ ಕಂತಿನ ಪಕ್ಕ ಬರೆದಳು.
ಅಷ್ಟರಲ್ಲಿ ಕ್ಯಾಲ್ಕುಲೇಟರ್
ತಾನಾಗಿ ಕಣ್ಣು ಮುಚ್ಚಿಕೊಂಡಿತ್ತು.

ಆ ಚಾರ್ಜಿನ ಬಾಲದಲ್ಲೊಂದು ಸಾಲು: ಲಿಫ್ಟ್ ನಿರ್ವಹಣೆ.
ಎದುರಿಗೆ ನಮ್ಮ ಕಂಪನಿಯ ಹೆಸರು.
ಹತ್ತೊಂಬತ್ತು ವರ್ಷ ಈ ಊರಿನ ಲಿಫ್ಟಿನ ಬಾವಿಗಳಿಗೆ ಇಳಿದವನು,
ಗ್ರೀಸು ಉಗುರಿನಿಂದ ಹೋಗದವನು ನಾನು.
ಆ ಮೊತ್ತದೊಳಗೆಲ್ಲೋ ನನ್ನ ಸಂಬಳದ ಚೂರಿದೆ.
ಇನ್ನು ನನ್ನ ಕೂಲಿ ನಾನೇ ಕೊಡುವುದು,
ನಡುವೆ ಮೂವರು ತಮ್ಮ ಪಾಲು ಮುರಿದುಕೊಂಡು.

ಹೈಥಮ್‌ಗೆ ತಿಳಿಯದ್ದೊಂದು ನನಗೆ ಗೊತ್ತು:
ಆ ಕಟ್ಟಡದ ಎರಡನೇ ಲಿಫ್ಟಿನ ಹಗ್ಗ
ಇನ್ನೆರಡು ವರ್ಷ ಬಾಳದು.
ಕೇಳಿದೆ: ದುರಸ್ತಿ ನಿಧಿಯಲ್ಲಿ ಎಷ್ಟಿದೆ?
ಹಾಳೆ ತಿರುಗಿಸಿದ. ಮತ್ತೆ ತಿರುಗಿಸಿದ.
"ಇದನ್ನು ಯಾರೂ ಕೇಳುವುದಿಲ್ಲ," ಅಂದ.
ನಿಧಿ ಖಾಲಿಯಿದ್ದರೆ ಹೊಸ ಹಗ್ಗದ ಬೆಲೆ
ಬಾಗಿಲು ಬಾಗಿಲಿಗೆ ಹಂಚಿ ಬರುತ್ತದೆ;
ಎಷ್ಟೋ ಬಾಗಿಲಲ್ಲಿ ಆ ಬೈಗುಳ ತಿಂದವನು ನಾನು.

ಸಹಿ ಹಾಕಲಿಲ್ಲ. ಮೂರು ವರ್ಷದ ಲೆಕ್ಕ ಬೇಕೆಂದು ಎದ್ದೆವು.

ಸಂಜೆ ಮತ್ತೊಮ್ಮೆ ಮನೆ ನೋಡಲು ಹೋದೆವು,
ಬೇಡ ಅನ್ನಲೂ ಮನಸ್ಸಾಗದೆ.
ವಾರಿಜ ಬಚ್ಚಲಿನಲ್ಲಿ ತುಸು ಹೆಚ್ಚೇ ಹೊತ್ತು ನಿಂತಳು.
ಕರವಸ್ತ್ರದಷ್ಟು ಕಡಲು.
ಇಳಿಯಲು ಬಂದದ್ದು ಎರಡನೇ ಲಿಫ್ಟೇ.
ಏಳನೇ ಮಹಡಿ ದಾಟುವಾಗ
ನನ್ನ ತೋಳು ಹಿಡಿದು, ತಲೆಯೆತ್ತಿ,
ಮೆಲ್ಲಗೆ ಅಂದಳು:
"ಕೇಣಿ."