ಹದಿನೇಳನೇ ತೂಬು

ಚಿಕ್ಕಜವರಯ್ಯ ಮೊದಲ ಸಲ ಬಂದಾಗ
ಕಿವಿಯ ಮೇಲೊಂದು ಮೋಟುಬೀಡಿ ಇತ್ತು.
ಆರಿದ್ದೇ. ಆದರೂ ನರ್ಸು ಗದರಿಸಿ ತೆಗೆಸಿದಳು.
ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು,
ವಾಪಸು ಹೋಗುವಾಗ ಬೇಕಲ್ಲ.

ನಾನು ಮಂಡ್ಯದ ಆಸ್ಪತ್ರೆಯ ಲ್ಯಾಬಿನವಳು.
ಮೂಗಿನಿಂದಿಳಿದ ಕೊಳವೆಯ ತುದಿಯ ಬ್ರಶ್ಶು
ಶ್ವಾಸನಾಳದ ಗೋಡೆ ಸವರಿ ತಂದ ಕೋಶಗಳನ್ನು
ಐಸಿನ ಡಬ್ಬಿಯಲ್ಲಿ ಮೈಸೂರಿಗೆ ಕಳಿಸುವುದು,
ವರದಿ ಬಂದ ಮೇಲೆ ಅದನ್ನು ತಿಳಿಯುವಂತೆ ಹೇಳುವುದು
ನನ್ನ ಕೆಲಸ. ಎರಡನೆಯದನ್ನು ಯಾರೂ ಕಲಿಸಿರಲಿಲ್ಲ.

"ಡಾಕ್ಟ್ರು ಅದೇನೋ ಜೀನು ಕೆಟ್ಟದೆ ಅಂದ್ರು. ಹಣೆಬರಾನಾ?"
ಬರಹ ಹೆಚ್ಚುಕಮ್ಮಿ ಇದ್ದಂತೇ ಇದೆ, ಅಂದೆ.
ಯಾವ ಸಾಲನ್ನು ಯಾವಾಗ ಓದಬೇಕು ಅನ್ನುವುದು...
ಅವರ ಕಣ್ಣು ಕಿಟಕಿಯಾಚೆ ಹೋಯಿತು. ನಿಲ್ಲಿಸಿದೆ.

ಏನು ಕೆಲಸ ಮಾಡ್ತಿದ್ರಿ?

"ಸೌಡಿ. ನೀರುಗಂಟಿ. ವಿ.ಸಿ. ನಾಲೇಲಿ.
ಹುಲಿಕೆರೆ ಸುರಂಗ ದಾಟುದ್ಮೇಲೆ ಎಡಗಡೆ ಕವಲು,
ಹದಿನೇಳನೇ ತೂಬು. ಮೂವತ್ತೊಂದು ವರ್ಸ."

ಆಗ ನನಗೆ ಬಾಯಿ ಬಂತು.

ನಿಮ್ಮೆದೆಯ ಒಂದೊಂದು ಕೋಶದಲ್ಲೂ
ಇಡೀ ನಾಲೆ ಇದೆ, ಸಾವಿರಾರು ತೂಬು.
ಕೆಲವು ಸದಾ ಅರ್ಧ ಎತ್ತಿರಬೇಕು,
ಕೆಲವನ್ನು ಆಪತ್ತಿಗೆ ಮಾತ್ರ.
ಮೀಥೈಲ್ ಅಂತ ಒಂದು ಬೀಗ,
ಗಸಗಸೆಯನ್ನು ಕೋಟಿ ಪಾಲು ಮಾಡಿದರೂ ಅದು ಇನ್ನೂ ಚಿಕ್ಕದು;
ಅದು ಬಿದ್ದ ತೂಬು ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತೆ,
ಕಳಚಿದರೆ ಹರಿಯುತ್ತೆ.
ಹೊಗೆ ಒಳಗೆ ಹೋಗಿ ಹೋಗಿ
ವಿಷ ಕರಗಿಸುವ ತೂಬುಗಳು ಗಾಬರಿಯಲ್ಲಿ ಪೂರ್ತಿ ಎದ್ದಿವೆ.
ಲೋಳೆಯ ತೂಬಿನಲ್ಲಿ ಹಗಲೂ ರಾತ್ರಿ ಹರಿವು.
ಕಸ ಗುಡಿಸುವ ರೋಮಗಳು,
ಒಟ್ಲಿನ ಪೈರಿನ ಹಾಗೆ ಒಟ್ಟಿಗೆ ಬಾಗಿ ಒಟ್ಟಿಗೆ ಏಳಬೇಕಾದವು,
ಆ ಕೆಸರಲ್ಲಿ ಮಲಗಿಬಿಟ್ಟಿವೆ.
ಹುಚ್ಚುಬೆಳೆ ತಡೆಯುವ ಒಂದೆರಡಕ್ಕೆ
ಬೀಗ ಬಿದ್ದಿದೆ.

ಅವರು ಕೆಮ್ಮಿದರು, ತುಂಬ ಹೊತ್ತು.
ಆಮೇಲೆ, "ನಾನು ಕಂಡಿವ್ನಿ ಕಣವ್ವ, ಇದ."

ಕಟ್ಟುನೀರಿನ ಬೇಸಿಗೆ. ರಾತ್ರಿಪಾಳಿ.
ನಿದ್ದೆ ಹತ್ತಬಾರದೆಂದು ಬೀಡಿ,
ಅದರ ಕೆಂಡದಿಂದಲೇ ಇನ್ನೊಂದು,
ಹದಿನೇಳರ ಕಟ್ಟೆಯ ಮೇಲೆ ಕಂಬಳಿ ಹೊದ್ದು.
ಆ ಕೆಂಪು ಚುಕ್ಕೆ ಕತ್ತಲಲ್ಲಿ ಮೈಲಿ ದೂರ ಕಾಣುತ್ತಿತ್ತು.

"ಸೌಡಿ ಅಲ್ಲವ್ನೆ ಅಂತ ಅವ್ರಿಗೆ ಗೊತ್ತಾಗದು.
ಇಪ್ಪತ್ತೆರಡ ಎತ್ತೋರು. ಇಪ್ಪತ್ತಾರ ಎತ್ತೋರು.
ಬೆಳುಗ್ಗೆ ನೋಡುದ್ರೆ ನನ್ನ ತೂಬು ಬೀಗ ಹಾಕ್ದಂಗೇ ಅದೆ,
ಕೊನೇ ಭಾಗದವ್ರ ಗದ್ದೆ ಬಿರುಕು ಬುಟ್ಟದೆ.
ನಾಲೆ ನಕ್ಸೆ ಬದ್ಲಾಗಿರ್ನಿಲ್ಲ. ನೀರೂ ಅಷ್ಟೇಯ."

ನಾನು ಹೇಳಬೇಕೆಂದಿದ್ದದ್ದು ಇಷ್ಟೇ.

ಬೀಡಿ ಬಿಟ್ಟರು.
ಮೂರು ಸಲ ಬಿಟ್ಟು ಎರಡು ಸಲ ಹಿಡಿದರು,
ನಡುವೆ ಒಂದು ತಿಂಗಳು ಕಡ್ಡಿಪುಡಿ, ನನಗೆ ಹೇಳದೆ.
ಕಿವಿಯ ಮೇಲಿನ ಜಾಗದಲ್ಲಿ ಈಗ
ಪೆನ್ಸಿಲ್ಲಿನ ತುಂಡು ಇರುತ್ತದೆ, ಏನೂ ಬರೆಯುವುದಿಲ್ಲ.

ಎರಡು ವರ್ಷಕ್ಕೆ ಮತ್ತೆ ಬ್ರಶ್ಶು, ಮತ್ತೆ ಐಸು, ಮೈಸೂರು.
ವರದಿ ಒಂದು ಬಣ್ಣದ ಹಾಳೆ. ಸಾಲುಸಾಲು ಚೌಕ,
ಕೆಂಪು ಅಂದರೆ ಎತ್ತಿದ್ದು, ನೀಲಿ ಅಂದರೆ ಇಳಿಸಿದ್ದು.
ಹಳೆಯದನ್ನು ಪಕ್ಕದಲ್ಲಿಟ್ಟೆ.
ಗಾಬರಿ ಬಿದ್ದಿದ್ದವು ಬಹುಪಾಲು ತಣ್ಣಗೆ ಕೂತಿವೆ.
ರೋಮಗಳು ಅಲ್ಲಲ್ಲಿ ಚಿಗುರಿವೆ.
ಕೆಲವು ಮಾತ್ರ ಹಾಗೇ ಇವೆ, ಇನ್ನು ತಿರುಗಲಿಕ್ಕಿಲ್ಲ, ಅಂದೆ.

"ತುಕ್ಕು" ಅಂದರು,
ಇಲಾಖೆಗೆ ಅರ್ಜಿ ಬರೆದು ಬರೆದು ರೂಢಿಯಾದವರ ದನಿಯಲ್ಲಿ.

ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದರು.
ನೀರಾವರಿ ಆಫೀಸಿನ ಗೋಡೆಯ ನಕ್ಷೆ ನೋಡುವ ಹಾಗೆ
ಉಗುರು ಮೇಲಿಂದ ಒಂದೊಂದೇ ಸಾಲು ಇಳಿದು
ಕೆಳತುದಿಯ ಒಂದು ಚೌಕದ ಮೇಲೆ ನಿಂತಿತು.
ಇನ್ನೂ ಕೆಂಪಗಿತ್ತು.
ಅದರ ಪಕ್ಕ ಹೆಸರಿರಲಿಲ್ಲ, ನಾಲ್ಕು ಅಕ್ಷರ, ಒಂದು ಅಂಕಿ.

"ಇದು ಯಾರ ಗದ್ದೇದವ್ವಾ?"