ಬೆಲ್ಟಿನ ಕೊನೆ

ಬಾನೆಟ್ ಆಮೇಲೆ ಎತ್ತು,
ಮೊದಲು ಸೀಟ್‌ಬೆಲ್ಟ್ ಎಳೆ.
ಪೂರ್ತಿ ಎಳೆ, ಇನ್ನು ಬರಲಾರೆ ಅಂತ ಅದೇ ಅನ್ನುವವರೆಗೆ.
ಹೊರಗಿನ ಪಟ್ಟಿ ಶಾಂಪೂ ಹಾಕಿ ತೊಳೆದಿರುತ್ತಾರೆ,
ಒಳಗೆ ಸುತ್ತಿಕೊಂಡದ್ದನ್ನು ಯಾರೂ ತೊಳೆಯುವುದಿಲ್ಲ.
ಅಲ್ಲಿರುತ್ತದೆ ಕಂದು ಗೆರೆ,
ಆ ಮಳೆಯ ದಿನ ನೀರು ಎಲ್ಲಿಯವರೆಗೆ ನಿಂತಿತ್ತೆಂದು.

ಹೊಸದಾಗಿ ಸೇರಿದ ಶಿಜಿತ್‌ಗೆ ನಾನು ಹೇಳಿಕೊಟ್ಟ ಮೊದಲ ಪಾಠ.
ಶಾರ್ಜಾದ ಈ ಯಾರ್ಡಿನಲ್ಲಿ ನನಗೆ ಹನ್ನೊಂದು ವರ್ಷ.
ಕೊಳ್ಳುವವನು ನಾನು. ಮಾರುವವರು ಬೇರೆ,
ಅವರಿಗೆ ಟೈ ಇದೆ, ಎಸಿ ಇದೆ, ಖರ್ಜೂರ, ಕಾಫಿ.
ನನಗೆ ಒಂದು ಟಾರ್ಚು, ಮೊಣಕಾಲಡಿಗೆ ಒಂದು ರಟ್ಟು,
ಬಣ್ಣದ ದಪ್ಪ ಅಳೆಯುವ ಅಂಗೈಯಗಲದ ಯಂತ್ರ.
ನೂರಿಪ್ಪತ್ತು ಅಂದರೆ ಕಂಪನಿ ಬಣ್ಣ.
ನಾನೂರು ಅಂದರೆ ಅಲ್ಲೊಂದು ಕಥೆ ಇದೆ.

ರಾಜೇಸಾಬ ಮಾವ ರಾಣೆಬೆನ್ನೂರಿನಲ್ಲಿ ದನದ ದಲ್ಲಾಳಿ.
ಎತ್ತಿನ ತುಟಿ ಎತ್ತಿ ಹಲ್ಲು ಎಣಿಸುತ್ತಿದ್ದ,
ಸುಳಿ ನೋಡುತ್ತಿದ್ದ, ಗೊರಸು ತಟ್ಟುತ್ತಿದ್ದ,
ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ.
“ಮಾರಾವನ ಮಾರಿ ನೋಡಬ್ಯಾಡೋ ಮೌಲಾಲಿ,
ನೋಡಿದ್ರ ಬೆರಳು ಸಡಿಲ ಆಕ್ಕಾವು.”
ಈಗ ನನ್ನ ಟವೆಲ್ಲು ಒಂದು ಟ್ಯಾಬ್.
ಟಿಕ್ಕು ಹೊಡೆಯುತ್ತ ಹೋದರೆ ಬೆಲೆ ತಾನೇ ಇಳಿಯುತ್ತದೆ,
ನನ್ನ ಕೈ ಅದರಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

ಇವತ್ತು ಅಲ್ ನಹ್ದಾದ ಒಂದು ಕಟ್ಟಡದ ನೆರಳಿನಲ್ಲಿ
ಉಸ್ತಾದ್ ರಿಫಾತ್, ಅಲೆಕ್ಸಾಂಡ್ರಿಯಾದವರು, ಭೂಗೋಳದ ಮೇಷ್ಟ್ರು.
ವೀಸಾ ರದ್ದಾಗಿದೆ, ಶುಕ್ರವಾರ ವಿಮಾನ.
ಫ್ರಿಜ್ಜು ಹೋಯಿತು, ಸೋಫಾ ಹೋಯಿತು,
ಉಳಿದದ್ದು ಈ ಬೂದು ಕೊರೊಲಾ.
ಒಬ್ಬನೇ ಓನರ್, ಗೀರಿಲ್ಲ, ಗಾಯವಿಲ್ಲ ಅನ್ನಲಿಲ್ಲ ಅವರು.
ಭೂಪಟದ ಮುಂದೆ ನಿಂತವರ ಹಾಗೆ ಬೆರಳಿಟ್ಟು ತೋರಿಸಿದರು:
“ಇಲ್ಲಿ ಮಗಳು ಕಲಿಯುವಾಗ ಕಂಬಕ್ಕೆ ತಾಗಿಸಿದಳು.
ಇಲ್ಲಿಯವರೆಗೆ ನೀರು ಬಂದಿತ್ತು. ಇಷ್ಟು.”

ಆದರೂ ಬೆಲ್ಟು ಎಳೆದೆ. ಅಭ್ಯಾಸ.
ಗೆರೆ ಅವರು ಹೇಳಿದಲ್ಲೇ ಇತ್ತು, ಒಂದು ಬೆರಳೂ ಹೆಚ್ಚಿಲ್ಲ.
ಸುಳ್ಳು ಹಿಡಿಯುವುದಕ್ಕೆ ಸಂಬಳ ತಿನ್ನುವವನು ನಾನು,
ಇದನ್ನು ಯಾವ ಕಲಮಿನಲ್ಲಿ ಬರೆಯಲಿ?

‘ನೀರು’ ಅನ್ನುವಲ್ಲಿ ಟಿಕ್ಕು ಹೊಡೆದೆ.
ಹತ್ತೂವರೆ ಸಾವಿರ ಇದ್ದದ್ದು ಏಳಕ್ಕೆ ಬಿತ್ತು.
ಹೋದ ವಾರ ಬೆಲ್ಟನ್ನೇ ಬದಲಿಸಿ ತಂದವನಿಗೆ
ಪೂರ್ತಿ ಎಣಿಸಿದ್ದೆ; ಗೊತ್ತಾಗುವಾಗ ಅವನ ಫೋನು ಆಫ್.

ಮೇಷ್ಟ್ರು ಕಿಲೋಮೀಟರು ನೋಡುತ್ತಿದ್ದರು, ಕನ್ನಡಕ ಹಣೆಗೇರಿಸಿ.
ಎರಡು ಲಕ್ಷದ ಹನ್ನೆರಡು ಸಾವಿರ.
“ಭೂಮಿಗೆ ಐದು ಸುತ್ತು,” ಅಂದರು,
“ಎಲ್ಲವೂ ಇದೇ ಶಾರ್ಜಾ-ದುಬೈ ರಸ್ತೆಯಲ್ಲಿ.”
ನಕ್ಕರು. ಆಗ ಮಾರಿ ನೋಡಿಬಿಟ್ಟೆ.

‘ಟೈರು’ ಅನ್ನುವಲ್ಲಿ ‘ಹೊಸದು’ ಒತ್ತಿದೆ.
ಎಂಟುನೂರು ಏರಿತು.
ಶಿಜಿತ್ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ,
ಬೋಳು ರಬ್ಬರಿನ ಮೇಲೆ ಹೆಬ್ಬೆರಳು ಆಡಿಸಿ
ನನ್ನನ್ನೇ ನೋಡಿದ. ನಾನು ಸಹಿ ಮಾಡಿಸುತ್ತಿದ್ದೆ.

ಕೊರೊಲಾ ಅವನೇ ಓಡಿಸಿದ, ಬೆಲ್ಟು ಬಿಗಿದುಕೊಂಡು.
ಸಿಗ್ನಲ್ಲಿನಲ್ಲಿ ಕೇಳಿದ:
“ಭಾಯ್, ಟೈರು ನೋಡುವುದು ಹೇಗೆ?”
ಹಸಿರು ಬಿದ್ದಿದೆ, ನಡಿ ಅಂದೆ.