ಒಳಗೆ ಬಿಟ್ಟ ಬಟ್ಟೆ

ಮಂಡ್ಯದ ಗುತ್ತಲು ರಸ್ತೆಯಲ್ಲಿ ಕೊನೆಯಂಗಡಿ ನನ್ನದು.
ಕಬ್ಬಿನ ಲಾರಿ ಹಾದರೆ ಸೂಜಿಡಬ್ಬಿ ಅಲುಗುತ್ತದೆ.
ಫ್ಯಾಕ್ಟರಿಯ ವೇಬ್ರಿಡ್ಜಿನ ಮೇಲೆ ಅದನ್ನು
ತುಂಬಿದ್ದಾಗ ಒಮ್ಮೆ, ಬರಿದಾದ ಮೇಲೆ ಒಮ್ಮೆ ತೂಗುತ್ತಾರೆ.
ನನ್ನ ಹತ್ತಿರ ತಕ್ಕಡಿಯಿಲ್ಲ.
ಮೊದಲ ಇಂಚು ಸವೆದು ಅಳಿಸಿದ ಟೇಪು,
ಹಳೇ ಎಲ್‌ಐಸಿ ಡೈರಿ.

ಕೆಂಪಾಜಮ್ಮ ಬಂದವಳೇ ಪರದೆ ಎಳೆದು
ಕನ್ನಡಿಗೆ ಬೆನ್ನು ಹಾಕುತ್ತಾಳೆ.
ಟೇಪು ಸುತ್ತುವ ಮೊದಲೇ ಉಸಿರು ಬಿಗಿಹಿಡಿದು
‘ಯಾರ್ಗೂ ಯೋಳ್ಬ್ಯಾಡ ಕಣೆ, ನಲವತ್ತಾರು ಅಂತ.’
‘ಉಸ್ರು ಬುಡಕ್ಕ.
ಹಿಡಿದ ಉಸ್ರಿಗೆ ಹೊಲ್ದ ರವಿಕೆ ತೊಟ್ಟು
ನೀನು ನಗೋದೆಂಗೆ?’

ಇಂಚರ ಬಂದದ್ದು ಅಕ್ಕನ ಮದುವೆಗೆ ಮೂರು ತಿಂಗಳಿದ್ದಾಗ.
ಮೂವತ್ನಾಲ್ಕು ಅಂತ ಬರೆದುಕೊಂಡೆ.
ಮತ್ತೆ ಬಂದಾಗ ಮೂವತ್ತೊಂದು.
‘ಸಣ್ಣಾಗಿದ್ದೀಯಲ್ಲೇ, ಈಗ ನೋಡು ಲಕ್ಷಣ!’
ಅಂದದ್ದು ನಾನೇ.
ಡೈರಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಮದುವೆಯ ಹಿಂದಿನ ವಾರ ಇಪ್ಪತ್ತೆಂಟು.
ಟೇಪಿನಡಿ ಒಂದೊಂದೇ ಪಕ್ಕೆಲುಬು,
ತೋಳಿನ ಮೇಲೆ ಹಸುಗೂಸಿನ ಹಾಗೆ ನವಿರು ರೋಮ,
ಏಪ್ರಿಲ್ ಬಿಸಿಲಿಗೆ ಸ್ವೆಟರು.
‘ಇನ್ನೊಂಚೂರು ಹಿಡೀರಿ ಆಂಟಿ.’
ಹಿಡಿಯಲು ಬಟ್ಟೆ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ.
ಹೊರಗೆ ಅವಳಮ್ಮ, ಯಾರಿಗೂ ಕೇಳಿಸದ ಹಾಗೆ:
‘ಮುದ್ದೆ ಮುರಿಯೋ ಸದ್ದಿಗೇ ಎದ್ದೋಯ್ತಾಳೆ.’

ಹೇಳಿದಷ್ಟು ಹಿಡಿದೆ.
ಆದರೆ ಕತ್ತರಿಸಲಿಲ್ಲ.
ಎರಡೂ ಪಕ್ಕ ಮೂರು ಮೂರು ಬೆರಳು ಬಟ್ಟೆ
ಒಳಕ್ಕೆ ಮಡಚಿ ಬಿಟ್ಟೆ.
ಅಪ್ಪ ಕಲಿಸಿದ ಒಂದೇ ವಿದ್ಯೆ ಅದು:
ಮೈ ನಾಳೆಯೂ ಇರುತ್ತೆ, ಅದಕ್ಕೂ ಜಾಗ ಇಡು.

ಆಮೇಲೆ ಮೈಸೂರಿನ ಆಸ್ಪತ್ರೆ, ಡ್ರಿಪ್ಪು,
ವಾರಕ್ಕೊಮ್ಮೆ ಮಾತಾಡಿಸುವ ಡಾಕ್ಟರಮ್ಮ.
ಒಂದೂವರೆ ವರ್ಷ ಅಂಗಡಿ ಮುಂದೆ ಸುಳಿಯಲಿಲ್ಲ.

ಇವತ್ತು ಅದೇ ರವಿಕೆ ಪ್ಲಾಸ್ಟಿಕ್ ಚೀಲದಲ್ಲಿ.
‘ಬಿಗಿಯಾಗಿದೆ’ ಅಂದಳು, ತಪ್ಪೊಪ್ಪಿಕೊಂಡವರ ಹಾಗೆ.
ಬ್ಲೇಡಿನ ಮೊನೆಯಲ್ಲಿ ಹೊಲಿಗೆ ಬಿಚ್ಚಿದೆ.
ಬೆಳಕು ಕಾಣದೆ ಒಳಗಿದ್ದ ಬಟ್ಟೆ
ಹೊರಗಿನದಕ್ಕಿಂತ ಗಾಢ ನೇರಳೆ.
‘ಎರಡು ಬಣ್ಣ ಕಾಣುತ್ತಲ್ಲ ಆಂಟಿ?’
‘ಕಾಣ್ಲಿ ಬಿಡು.’

ಪರದೆಯೊಳಗೆ ಟೇಪಿನ ಅಂಕಿಗಳನ್ನು
ನನ್ನ ಕಡೆಗೆ ತಿರುಗಿಸಿಕೊಂಡೆ.
ಅವಳ ಎದೆ ಮೇಲೆದ್ದು ಅಲ್ಲೇ ನಿಂತಿತು.
ಆಚೆ ಬೆಂಚಿನಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಕೆಂಪಾಜಮ್ಮ
ನೋಡದೆಯೇ ಕೂಗಿದಳು:
‘ಉಸ್ರು ಬುಡು ಮಗ,
ಇಲ್ದಿದ್ರೆ ಇವ್ಳು ಅಳ್ಯಾಕಿಲ್ಲ.’